ಸರ್ಧಾನದ ಬೇಗಂ ಜೊವಾನ್ನಾ

ಕಥೋಲಿಕ ರಾಣಿ ಎಂದೊಡನೆ ನಿಮಗೆ ಸ್ಪೇನಿನ ಇಸಬೆಲ್ಲಾ ಅಥವಾ ಸ್ಕಾಟ್ಲೆಂಡಿನ ಮೇರಿ ನೆನಪಾಗಬಹುದು. ನಮ್ಮ ದೇಶದಲ್ಲೇ, ದೆಹಲಿಯಿಂದ ಸ್ವಲ್ಪ ದೂರದ ಮೀರತ್ ಬಳಿಯ ಸರ್ಧಾನದಲ್ಲಿ, ಒಬ್ಬಾಕೆ ಐವತ್ತಕ್ಕೂ ಹೆಚ್ಚು ವರ್ಷ ಆಳಿದಳು. ಕಟ್ಟುನಿಟ್ಟಾಗಿ ಹೇಳುವುದಾದರೆ ಆಕೆ ರಾಣಿಯಲ್ಲ, ಜಹಗೀರುದಾರಿಣಿ. ಆದರೆ ಸ್ವಂತ ಸೈನ್ಯ, ಸ್ವಂತ ಖಜಾನೆ, ಸ್ವಂತ ದರ್ಬಾರು ಇದ್ದವಳನ್ನು ಜನ ಇನ್ನೇನೆಂದು ಕರೆದಾರು? ಬೇಗಂ ಸಮ್ರು ಎಂಬ ಹೆಸರು ನೀವು ಕೇಳಿರಲೂಬಹುದು.

ಆಕೆ ಹುಟ್ಟಿದ್ದು 1750ರ ಆಸುಪಾಸಿನಲ್ಲಿ, ಮುಸ್ಲಿಂ ಮನೆತನದಲ್ಲಿ. ಹೆಸರು ಫರ್ಜಾನಾ. ಬಾಲ್ಯದಲ್ಲಿ ಬಡತನ, ಆಮೇಲೆ ದೆಹಲಿಯಲ್ಲಿ ನರ್ತಕಿಯ ಬದುಕು. ಅಲ್ಲಿಂದ ಆಕೆಯನ್ನು ಕರೆದೊಯ್ದವನು ವಾಲ್ಟರ್ ರೈನ್‌ಹಾರ್ಟ್ ಎಂಬ ಯೂರೋಪಿನ ಬಾಡಿಗೆ ಸೇನಾನಿ. 1763ರಲ್ಲಿ ಪಾಟ್ನಾದಲ್ಲಿ ಇಂಗ್ಲಿಷ್ ಕೈದಿಗಳನ್ನು ಕೊಂದ ಕಳಂಕ ಅವನ ಮೇಲಿತ್ತು. ಅವನ ಸೋಂಬ್ರ್ ಎಂಬ ಅಡ್ಡಹೆಸರೇ ಜನರ ಬಾಯಲ್ಲಿ ಸಮ್ರು ಆಯಿತು. 1778ರಲ್ಲಿ ಅವನು ತೀರಿಕೊಂಡಾಗ ಸೈನಿಕರು ಒಪ್ಪಿಕೊಂಡದ್ದು ಅವನ ಮಗನನ್ನಲ್ಲ, ಈ ಹೆಣ್ಣನ್ನು. 1781ರ ಮೇ ತಿಂಗಳಲ್ಲಿ ಆಗ್ರಾದಲ್ಲಿ ಆಕೆ ಜ್ಞಾನಸ್ನಾನ ಪಡೆದು ಜೊವಾನ್ನಾ ಆದಳು.

ಈಕೆಯನ್ನು ಸಂತಳೆಂದು ತಿಳಿಯಬೇಡಿ. ಮನೆಗಳಿಗೆ ಬೆಂಕಿ ಹಚ್ಚಿದ ಇಬ್ಬರು ದಾಸಿಯರನ್ನು ಚಾಟಿಯಿಂದ ಹೊಡೆಸಿ ಜೀವಂತ ಹೂಳಿಸಿದಳೆಂದು ಸ್ಲೀಮನ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿಟ್ಟಿದ್ದಾನೆ. ಇದನ್ನು ಮುಚ್ಚಿಟ್ಟು ಆಕೆಯ ಕಥೆ ಹೇಳುವುದು ನನಗೆ ಸರಿಯೆನಿಸುವುದಿಲ್ಲ. ಧೈರ್ಯಕ್ಕಂತೂ ಕೊರತೆಯಿರಲಿಲ್ಲ. 1788ರಲ್ಲಿ ಗೋಕುಲಗಢದ ಬಳಿ ಶತ್ರುಗಳಿಗೆ ಸಿಕ್ಕಿಬೀಳಲಿದ್ದ ಬಾದಶಹ ಷಾ ಆಲಂನನ್ನು ಉಳಿಸಿದ್ದು ಆಕೆಯ ಪಡೆ.

ದೊಡ್ಡ ಸಂಕಟ ಬಂದದ್ದು ಮದುವೆಯಿಂದ. 1793ರಲ್ಲಿ ತನ್ನ ಸೈನ್ಯದ ಲ ವಾಸು ಎಂಬ ಫ್ರೆಂಚ್ ಅಧಿಕಾರಿಯನ್ನು ಗುಟ್ಟಾಗಿ ವರಿಸಿದಳು. ಅವನು ಬಿಗುಮಾನದ ಮನುಷ್ಯ; ತನ್ನ ಕೈಕೆಳಗಿನವರೊಡನೆ ಕೂತು ಉಣ್ಣಲೂ ಒಲ್ಲ. ಮದುವೆಯ ಗುಟ್ಟು ಬಿಚ್ಚಿ ಹೇಳಿದ್ದರೆ ಏನಾಗುತ್ತಿತ್ತೋ! 1795ರಲ್ಲಿ ಸೈನ್ಯ ದಂಗೆಯೆದ್ದು ರೈನ್‌ಹಾರ್ಟನ ಮಗ ಜಫರ್‌ಯಾಬನನ್ನು ಗದ್ದುಗೆಗೆ ಕರೆಯಿತು. ಗಂಡಹೆಂಡಿರು ರಾತ್ರೋರಾತ್ರಿ ಓಡಿದರು. ಸಿಕ್ಕಿಬಿದ್ದರೆ ಇಬ್ಬರೂ ಪ್ರಾಣ ಬಿಡುವುದೆಂದು ಒಪ್ಪಂದ. ಸೈನಿಕರು ಬೆನ್ನಟ್ಟಿ ಬಂದಾಗ ಪಲ್ಲಕ್ಕಿಯೊಳಗೆ ಆಕೆ ಕಠಾರಿಯಿಂದ ಇರಿದುಕೊಂಡಳು. ರಕ್ತ ಕಂಡ ಲ ವಾಸು ಕುದುರೆಯ ಮೇಲೆಯೇ ಗುಂಡು ಹಾರಿಸಿಕೊಂಡು ಸತ್ತ. ಆಕೆಯ ಗಾಯ ಮಾತ್ರ ಆಳವಾಗಿರಲಿಲ್ಲ. ಬೇಕೆಂದೇ ಹಾಗೆ ಮಾಡಿದಳೆಂದು ಆಡಿಕೊಂಡವರುಂಟು, ದೇವರೊಬ್ಬನೇ ಬಲ್ಲ. ಹಿಡಿದು ತಂದು, ಬಿಸಿಲಲ್ಲಿ ದಿನಗಟ್ಟಲೆ ಫಿರಂಗಿಗೆ ಕಟ್ಟಿಹಾಕಿದರು.

ಆಗ ಬಿಡಿಸಲು ಬಂದವನು ಯಾರು ಗೊತ್ತೇ? ಐರ್ಲೆಂಡಿನ ಜಾರ್ಜ್ ಥಾಮಸ್. ಹಿಂದೆ ಆಕೆಯ ಸೈನ್ಯದಲ್ಲಿದ್ದು, ಮನಸ್ತಾಪದಿಂದ ಬಿಟ್ಟುಹೋದವನು. ಲ ವಾಸುವಿನ ಮಾತು ಕೇಳಿ ಆಕೆ ಇವನ ಮೇಲೆಯೇ ದಂಡೆತ್ತಿ ಹೊರಟಿದ್ದಳು! ಆದರೂ ಆಕೆಯ ಕರೆ ಮುಟ್ಟಿದಾಗ ಥಾಮಸ್ ಹಳೆಯದನ್ನು ಎಣಿಸಲಿಲ್ಲ. ಬಂದು ಗದ್ದುಗೆಯನ್ನು ಮರಳಿ ಕೊಡಿಸಿದ. ಆಕೆ ಮತ್ತೆ ಮದುವೆಯಾಗಲಿಲ್ಲ.

1803ರ ಸೆಪ್ಟೆಂಬರ್ 23ರಂದು ಅಸ್ಸಾಯೆ ಕಾಳಗದಲ್ಲಿ ಆಕೆಯ ಪಲ್ಟನ್ನುಗಳು ಸಿಂಧಿಯಾ ಪಕ್ಷದಲ್ಲಿದ್ದವು. ಆಳಂದ, ಅಫಜಲಪುರ, ಜೇವರ್ಗಿಯ ಓದುಗರೇ, ಆ ಊರೇನೂ ನಿಮಗೆ ಹೊರನಾಡಲ್ಲ. ಈಗ ಮಹಾರಾಷ್ಟ್ರದ ಜಾಲನಾ ಜಿಲ್ಲೆಯಲ್ಲಿದ್ದರೂ, ನಿಮ್ಮ ತಾಲ್ಲೂಕುಗಳಂತೆ ಅದೂ 1948ರವರೆಗೆ ನಿಜಾಮರ ಸೀಮೆ. ಸಿಂಧಿಯಾ ಸೋತ ಮೇಲೆ ಆಕೆ ಇಂಗ್ಲಿಷರೊಡನೆ ರಾಜಿಯಾದಳು. ಬದುಕಿರುವತನಕ ಜಹಗೀರು ಆಕೆಯದು, ಆಮೇಲೆ ಕಂಪನಿಯದು.

ಸುರಕ್ಷತೆ ಸಿಕ್ಕ ಮುಪ್ಪಿನಲ್ಲಿ ಆಕೆಯ ಕೈ ದಾನಕ್ಕೆ ತೆರೆಯಿತು. 1820ರ ದಶಕದಲ್ಲಿ, ತನ್ನದೇ ಸೈನ್ಯದ ಇಟಲಿಯ ಅಧಿಕಾರಿ ರೆಘೆಲ್ಲಿನಿಯಿಂದ ಮರಿಯಮ್ಮನವರಿಗೆ ಭವ್ಯ ದೇವಾಲಯ ಕಟ್ಟಿಸಿದಳು. 1834ರಲ್ಲಿ ಜಗದ್ಗುರು 16ನೇ ಗ್ರೆಗೊರಿಯವರು ಸರ್ಧಾನಕ್ಕೇ ಒಬ್ಬ ಬಿಷಪರನ್ನು ಕೊಟ್ಟರು. ಆಕೆಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಂಡು ಆಸ್ತಿಗೆ ವಾರಸುದಾರನಾಗಿ ಮಾಡಿದ್ದು ಡೇವಿಡ್‌ನನ್ನು. ಅವನು ತನ್ನ ವಿರುದ್ಧ ನಿಂತಿದ್ದ ಅದೇ ಜಫರ್‌ಯಾಬನ ಮಗಳ ಮಗ.

1836ರ ಜನವರಿ 27ರಂದು ಆಕೆ ಕಣ್ಮುಚ್ಚಿದಳು. ಜಹಗೀರನ್ನು ಕಂಪನಿ ವಶಪಡಿಸಿಕೊಂಡಿತು. ದೇವಾಲಯ ಉಳಿಯಿತು, 1961ರಲ್ಲಿ ಅದು ಬೆಸಿಲಿಕಾ ಆಯಿತು. ಆಳಂದದ ಉರುಸಿಗೆ, ಗಾಣಗಾಪುರದ ಜಾತ್ರೆಗೆ ನೆರೆಯುವ ಜನಸಂದಣಿ ಕಂಡ ನಿಮಗೆ ಸರ್ಧಾನದ ನವೆಂಬರ್ ಹಬ್ಬ ಹೊಸದೆನಿಸದು. ಅಲ್ಲಿಯೂ ಎಲ್ಲ ಮತದವರು ಮೇಣದಬತ್ತಿ ಹಿಡಿದು ಬರುತ್ತಾರೆ. ಒಳಗೆ, ಅಮೃತಶಿಲೆಯ ಎತ್ತರದ ಸಮಾಧಿಯ ಮೇಲೆ, ಶಾಲು ಹೊದ್ದ ಆ ಪುಟ್ಟ ಮುದುಕಿ ಕುರ್ಚಿಯಲ್ಲಿ ಕುಳಿತಿದ್ದಾಳೆ.