ಎಲೆಯ ಪಕ್ಕ ಒಂದು ಕುಡಿ ಮರುಗ

ಮಕ್ಕಳೇ, ನವೆಂಬರ್ ಬಂತೆಂದರೆ ಅಮೆರಿಕದ ಸೂಪರ್‌ಮಾರ್ಕೆಟ್ಟುಗಳ ತರಕಾರಿ ಸಾಲಿನಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳು ಹೆಚ್ಚಾಗುತ್ತವೆ. ರೋಸ್‌ಮರಿ, ಥೈಮ್, ಸೇಜ್. ಮೂರನ್ನೂ ಒಂದೇ ಡಬ್ಬಿಗೆ ತುಂಬಿ ‘ಪೌಲ್ಟ್ರಿ ಬ್ಲೆಂಡ್’ ಅಂತ ಚೀಟಿ ಅಂಟಿಸಿರುವುದೂ ಉಂಟು. ಥ್ಯಾಂಕ್ಸ್‌ಗಿವಿಂಗ್ ದಿನದ ಟರ್ಕಿ ಕೋಳಿಗೆ ಬೇಕಾದದ್ದು ಅದು. ನಮ್ಮಲ್ಲಿ ಸಸ್ಯಾಹಾರಿ ಮನೆಯವರು ಆ ಹೆಸರು ನೋಡಿಯೇ ಡಬ್ಬಿ ಮುಟ್ಟದೆ ಮುಂದೆ ಹೋಗಿಬಿಡುತ್ತಾರೆ. ಹೋಗಬೇಡಿ, ಒಳಗಿರುವುದು ಬರೀ ಸೊಪ್ಪು. ಅಲ್ಲೇ ಸ್ವಲ್ಪ ಹುಡುಕಿ. ಡಬ್ಬಿಯಲ್ಲಿ ಸಿಗದಿದ್ದರೆ ವಸಂತಕಾಲದಲ್ಲಿ ನರ್ಸರಿಯಲ್ಲಿ ಸಿಕ್ಕೇ ಸಿಗುತ್ತದೆ. ‘ಸ್ವೀಟ್ ಮಾರ್ಜೋರಮ್’ ಎಂಬ ಚೀಟಿ ಹೊತ್ತ ಪುಟ್ಟ ಗಿಡ, ಬೂದು ಹಸಿರು ಬಣ್ಣದ ಸಣ್ಣ ಸಣ್ಣ ಎಲೆ. ಒಂದು ಎಲೆ ಕಿತ್ತು ಬೆರಳಲ್ಲಿ ತಿಕ್ಕಿ ಅಮ್ಮನ ಮೂಗಿಗೆ ಹಿಡಿಯಿರಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೆಳೆದವರಾದರೆ ತಕ್ಷಣ ಹೇಳುತ್ತಾರೆ: ಇದು ಮರುಗ!

ಹೌದು, ಅದೇ ಗಿಡ. ಸೈಪ್ರಸ್, ಟರ್ಕಿ ಕಡೆಯ ಬೆಟ್ಟಗಳು ಅದರ ತವರು. ಒಂದು ಕಡೆ ಯುರೋಪಿನ ಅಡುಗೆಮನೆ ಸೇರಿತು, ಇನ್ನೊಂದು ಕಡೆ ನಮ್ಮ ಹೂವಿನ ಬುಟ್ಟಿ ಸೇರಿತು. ಅಲ್ಲಿ ಅದು ಸೂಪಿಗೆ ಬೀಳುತ್ತದೆ, ನಮ್ಮೂರಲ್ಲಿ ಅದನ್ನು ಸಾರಿಗೆ ಹಾಕುತ್ತೇನೆಂದರೆ ಅಜ್ಜಿ ಕಣ್ಣು ಬಿಟ್ಟು ನೋಡುತ್ತಾರೆ. ಮರುಗ ಇರುವುದು ಮುಡಿಯಲಿಕ್ಕೆ, ದೇವರಿಗೆ ಏರಿಸಲಿಕ್ಕೆ. ಗಣೇಶನ ಹಬ್ಬದಲ್ಲಿ 21 ಬಗೆಯ ಎಲೆಗಳಿಂದ ಪತ್ರಪೂಜೆ ಮಾಡುತ್ತಾರಲ್ಲ, ಆ ಪಟ್ಟಿಯಲ್ಲಿ ಗರಿಕೆ, ಬಿಲ್ವ, ತುಳಸಿ, ಮಾವಿನೆಲೆಗಳ ಜೊತೆ ಮರುಗಕ್ಕೂ ಜಾಗವಿದೆ.

ಹೂ ಕಟ್ಟುವವರಿಗೆ ಮರುಗ ಯಾಕೆ ಬೇಕು ಎಂಬುದರಲ್ಲಿ ಒಂದು ಜಾಣತನ ಅಡಗಿದೆ. ಕನಕಾಂಬರ ನೋಡಿದ್ದೀರಾ? ಕಿತ್ತಳೆ ಬಣ್ಣ, ರೇಷ್ಮೆಯಷ್ಟು ತೆಳು, ಜಡೆಗೆ ಬಲು ಚೆಂದ. ಆದರೆ ಮೂಗಿಗೆ ಹಿಡಿದರೆ ಏನೂ ಇಲ್ಲ. ಅದಕ್ಕೆ ಪರಿಮಳವೇ ಇಲ್ಲ. ಹಾಗಾಗಿ ನಾಲ್ಕು ಹೂವಿಗೊಮ್ಮೆ ಮರುಗದ ಕುಡಿ ಇಟ್ಟು ಕಟ್ಟುತ್ತಾರೆ. ಬಣ್ಣ ಕನಕಾಂಬರದ್ದು, ವಾಸನೆ ಮರುಗದ್ದು, ನಡುವೆ ಒಂದಷ್ಟು ಮಲ್ಲಿಗೆ ಮೊಗ್ಗು ಸೇರಿದರೆ ಬಿಳುಪೂ ಬಂತು. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಇಂಥ ಮಾಲೆಗಳನ್ನು ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಡುತ್ತಾರೆ. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಹೂ ಮಾರುವವರ ಕೈ ಗಿಡ್ಡವಾಗಿದ್ದರೆ ಕೊಳ್ಳುವವರಿಗೆ ನಷ್ಟ, ಆ ಜಗಳ ಬೇರೆ.

ಮರುಗದ ಜೊತೆಗಾರ ದವನ. ಇದು ಇನ್ನೂ ನವಿರು. ಬೆಳ್ಳಿ ಬಣ್ಣ ಬೆರೆತ ಹಸಿರು, ಎಳೆ ಎಳೆಯಾಗಿ ಸೀಳಿದ ಎಲೆ, ಹಣ್ಣಿನ ಸಿಹಿಯಿರುವ ಪರಿಮಳ. ಒಣಗಿದರೂ ವಾಸನೆ ಬಿಡುವುದಿಲ್ಲ, ಅದಕ್ಕೇ ಸೀರೆಗಳ ನಡುವೆ ಇಟ್ಟುಕೊಳ್ಳುವವರಿದ್ದಾರೆ. ಚೈತ್ರಮಾಸದ ಹುಣ್ಣಿಮೆಗೆ ನಮ್ಮಲ್ಲಿ ದವನದ ಹುಣ್ಣಿಮೆ ಎಂದೇ ಹೆಸರು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಆಗ ದೊಡ್ಡ ಜಾತ್ರೆ.

ಹಳೆ ಮೈಸೂರು ಕಡೆ ತೇರಿನ ದಿನ ದವನಕ್ಕೆ ಇನ್ನೊಂದು ಕೆಲಸವಿದೆ, ಅದನ್ನು ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಬಾಳೆಹಣ್ಣಿಗೆ ದವನದ ಕುಡಿ ಸಿಕ್ಕಿಸಿ, ಜನ ಅದನ್ನು ಎಳೆಯುತ್ತಿರುವ ತೇರಿನ ಮೇಲಕ್ಕೆ ಎಸೆಯುತ್ತಾರೆ! ಹಣ್ಣು ಜವನ ಎಸೆಯುವುದು ಅಂತಲೇ ಅದಕ್ಕೆ ಹೆಸರು. ದವನವೇ ಅಲ್ಲಿ ಜನರ ಬಾಯಲ್ಲಿ ಜವನ. ಗುರಿ ತೇರಿನ ತುದಿಯ ಕಳಶ. ತಾಗಿದರೆ ಅಂದುಕೊಂಡದ್ದು ಆಗುತ್ತದೆ ಎಂಬ ನಂಬಿಕೆ. ಚಾಮರಾಜನಗರದಲ್ಲಿ ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರ ರಥೋತ್ಸವಕ್ಕೆ ಹೊಸದಾಗಿ ಮದುವೆಯಾದ ಜೋಡಿಗಳೇ ಹೆಚ್ಚು ಬರುತ್ತಾರೆ, ಗಂಡ ಹೆಂಡತಿ ಇಬ್ಬರೂ ನಿಂತು ಎಸೆಯುತ್ತಾರೆ. ಗುರಿ ತಪ್ಪಿದ ಹಣ್ಣು ಯಾರದೋ ತಲೆಗೆ ಬಿದ್ದರೂ ಆ ದಿನ ಯಾರೂ ಬೈಯುವುದಿಲ್ಲ.

ದವನ ನಿಮ್ಮ ಊರಿನ ಅಂಗಡಿಯಲ್ಲಿ ಸಿಗಲಾರದು. ಆದರೆ ಅದರ ಹತ್ತಿರದ ನೆಂಟ ಸಿಗುತ್ತದೆ: ಟಾರಗನ್. ಎರಡೂ ಆರ್ಟಿಮೀಸಿಯಾ ಎಂಬ ಒಂದೇ ಕುಲದವು. ವಾಸನೆ ಮಾತ್ರ ಬೇರೆ, ಟಾರಗನ್ ಸೋಂಪಿನ ಕಡೆ ವಾಲುತ್ತದೆ. ಇನ್ನೊಂದು ವಿಚಿತ್ರ ಕೇಳಿ. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಹೊಲದಲ್ಲಿ ಬೆಳೆದ ದವನದಿಂದ ಎಣ್ಣೆ ತೆಗೆದು ಹೊರದೇಶದ ಸುಗಂಧದ ಕಂಪನಿಗಳಿಗೆ ಕಳಿಸುತ್ತಾರೆ. ಅಂದರೆ ಅಂಗಡಿಯಲ್ಲಿ ಸಿಗದ ದವನ ಯಾವುದೋ ಸೆಂಟಿನ ಬಾಟಲಿಯೊಳಗೆ ಕೂತು ನಿಮ್ಮ ಮನೆಗೆ ಆಗಲೇ ಬಂದಿರಬಹುದು.

ರಜೆಯಲ್ಲಿ ಊರಿಗೆ ಹೋದಾಗ ಒಂದು ಕಟ್ಟು ತಂದುಬಿಡೋಣ ಎಂದು ಯೋಚಿಸಬೇಡಿ. ಹಸಿ ಎಲೆ, ಗಿಡಗಳ ವಿಷಯದಲ್ಲಿ ಕಸ್ಟಮ್ಸ್‌ನವರು ಬಹಳ ಕಟ್ಟುನಿಟ್ಟು. ಹಸಿ ಕರಿಬೇವನ್ನಂತೂ ಅಮೆರಿಕಕ್ಕೆ ತರುವಂತೆಯೇ ಇಲ್ಲ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದು, ಅದರ ಎಲೆಯ ಮೇಲೆ ಬರುವ ಒಂದು ಪುಟ್ಟ ಕೀಟ ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುತ್ತದೆ. ನಿಯಮ ಸರಿಯಾಗಿಯೇ ಇದೆ. ನಾವು ಇಲ್ಲಿ ಸಿಗುವ ಸೊಪ್ಪಿನಲ್ಲೇ ಕೈ ಆಡಿಸೋಣ.

ಈಗ ಹಬ್ಬದೂಟದ ಮೇಜಿಗೆ ಬರೋಣ. ದೀಪಾವಳಿಯೋ ಥ್ಯಾಂಕ್ಸ್‌ಗಿವಿಂಗೋ ಕ್ರಿಸ್‌ಮಸ್ಸೋ, ಯಾವುದಾದರೂ ಆಗಲಿ. ಇಲ್ಲಿನವರು ಮೇಜಿನ ನಟ್ಟನಡುವೆ ಒಂದು ದೊಡ್ಡ ಹೂದಾನಿ ಇಡುತ್ತಾರೆ. ನೋಡಲು ಚೆನ್ನ, ಆದರೆ ಎದುರಿಗೆ ಕೂತ ಅಜ್ಜನ ಮುಖ ಕಾಣುವುದಿಲ್ಲ. ಕೊನೆಗೆ ಯಾರೋ ಎತ್ತಿ ಕಪಾಟಿನ ಮೇಲಿಡುತ್ತಾರೆ. ನಮ್ಮ ಪಂಕ್ತಿಯೂಟಕ್ಕೆ ನಡು ಎಂಬುದೇ ಇಲ್ಲ. ಸಾಲಾಗಿ ಬಾಳೆಎಲೆ, ತುದಿ ಉಣ್ಣುವವರ ಎಡಕ್ಕೆ, ಪ್ರತಿ ಎಲೆಗೂ ಬೇರೆ ರಂಗೋಲಿ. ಮದುವೆಯಲ್ಲಿ ವಧೂವರರನ್ನು ಕೂರಿಸುವ ಭೂಮದೂಟದಲ್ಲಂತೂ ಎಲೆಯ ಸುತ್ತ ರಂಗೋಲಿ ಬಿಡಿಸುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಅಲಂಕಾರ ಕೋಣೆಗಲ್ಲ, ಉಣ್ಣಲು ಕೂತವರಿಗೆ. ನನಗೆ ಈ ಕ್ರಮವೇ ಹೆಚ್ಚು ಇಷ್ಟ. ಆದ್ದರಿಂದ ನಾವು ಮಾಡುವುದೂ ಒಬ್ಬೊಬ್ಬರ ತಟ್ಟೆಯ ಪಕ್ಕಕ್ಕೆ ಒಂದೊಂದು.

ಎಲ್ಲಕ್ಕಿಂತ ಸುಲಭ ರೋಸ್‌ಮರಿ ಬಳೆ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಎಳೆಯ ಕಡ್ಡಿ ಆರಿಸಿಕೊಳ್ಳಿ. ಬಲಿತು ಕಂದು ಬಣ್ಣಕ್ಕೆ ತಿರುಗಿದ್ದು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಮೊದಲು ಎರಡೂ ಕೈಯ ಬೆರಳುಗಳ ನಡುವೆ ಹಿಡಿದು ನಿಧಾನಕ್ಕೆ ಅಲ್ಲಲ್ಲಿ ಬಾಗಿಸಿ, ಕಡ್ಡಿ ಮಣಿಯುವುದು ಕೈಗೇ ತಿಳಿಯುತ್ತದೆ. ಆಮೇಲೆ ಸುತ್ತು ತಂದು, ಎರಡು ತುದಿಗಳನ್ನು ಒಂದು ಅಂಗುಲದಷ್ಟು ಒಂದರ ಮೇಲೊಂದು ಕೂರಿಸಿ ದಾರದಿಂದ ಬಿಗಿಯಿರಿ. ಅಷ್ಟೇ. ಅದರೊಳಗೆ ಬಟ್ಟೆಯ ನ್ಯಾಪ್‌ಕಿನ್ ತೂರಿಸಬಹುದು, ಇಲ್ಲವೇ ಒಂದು ಗಟ್ಟಿ ಕಾಗದದ ಮೇಲೆ ಬರುವವರ ಹೆಸರು ಬರೆದು ಸಿಕ್ಕಿಸಬಹುದು. ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಪಕ್ಕದ ಮನೆಯ ಎಮಿಲಿ ತನ್ನ ಕುರ್ಚಿ ಯಾವುದು ಅಂತ ಹುಡುಕಲಿ. ಒತ್ತಕ್ಷರ ಬರುವ ಹೆಸರಿನವರಿದ್ದರೆ ನಿಮಗೂ ಸ್ವಲ್ಪ ಅಭ್ಯಾಸವಾಗುತ್ತದೆ.

ರೋಸ್‌ಮರಿಯ ಒಂದು ಗುಣ, ನೀರಿಲ್ಲದೆ ದಿನಗಟ್ಟಲೆ ಹಸಿರಾಗಿರುತ್ತದೆ. ಹಿಂದಿನ ದಿನವೇ ಮಾಡಿಡಬಹುದು. ಯುರೋಪಿನಲ್ಲಿ ಬಹಳ ಹಿಂದಿನಿಂದ ಇದು ನೆನಪಿನ ಗಿಡ. ಆಸ್ಟ್ರೇಲಿಯಾದಲ್ಲಿ ನಿಮ್ಮ ಕಸಿನ್‌ಗಳಿದ್ದರೆ ಕೇಳಿ, ಏಪ್ರಿಲ್ 25ರ ಆನ್‌ಜ್ಯಾಕ್ ದಿನ ಜನ ಯುದ್ಧದಲ್ಲಿ ಸತ್ತವರ ನೆನಪಿಗೆ ಇದರ ಎಸಳನ್ನು ಕೋಟಿಗೆ ಚುಚ್ಚಿಕೊಳ್ಳುತ್ತಾರೆ. ಆ ಸೈನಿಕರು ಹೋರಾಡಿದ ಟರ್ಕಿಯ ಗಲ್ಲಿಪೊಲಿಯಲ್ಲಿ ರೋಸ್‌ಮರಿ ಕಾಡುಗಿಡವಾಗಿ ಬೆಳೆಯುತ್ತದೆ.

ಎರಡನೆಯದು ಸ್ವಲ್ಪ ಕೈಚಳಕದ ಕೆಲಸ: ಗೇಣುದ್ದದ ಮಾಲೆ. ಕನಕಾಂಬರ ಇಲ್ಲದಿದ್ದರೇನು, ಚಳಿಗಾಲಕ್ಕೆ ಮುಂಚೆ ಇಲ್ಲಿ ಗುಂಡಿಯಷ್ಟು ಸಣ್ಣ ಸೇವಂತಿಗೆ ಧಾರಾಳವಾಗಿ ಸಿಗುತ್ತದೆ. ಊರಲ್ಲಿ ಕಟ್ಟುವುದು ಬಾಳೆನಾರಿನಿಂದ. ನೀರಲ್ಲಿ ನೆನೆಸಿದ ನಾರು ಮೆತ್ತಗಾಗಿ ಹೂವಿನ ತೊಟ್ಟನ್ನು ಕತ್ತರಿಸುವುದಿಲ್ಲ. ನೈಲಾನ್ ದಾರ ಕತ್ತರಿಸಿಬಿಡುತ್ತದೆ. ಇಲ್ಲಿ ಅಡುಗೆಗೆ ಬಳಸುವ ಹತ್ತಿಯ ದಾರ ತಂದು ಒದ್ದೆ ಮಾಡಿಕೊಳ್ಳಿ. ದಾರದ ಒಂದು ತುದಿಯನ್ನು ಕುರ್ಚಿಯ ಕಾಲಿಗೆ ಕಟ್ಟಿ (ಅಜ್ಜಿಯರು ಕಾಲಿನ ಹೆಬ್ಬೆರಳಿಗೇ ಸುತ್ತಿಕೊಳ್ಳುತ್ತಾರೆ). ದಾರದ ಮೇಲೆ ಎರಡು ಹೂ ಎಡಕ್ಕೆ ಮುಖ ಮಾಡಿ, ಎರಡು ಹೂ ಬಲಕ್ಕೆ ಮುಖ ಮಾಡಿ ಇಡಿ. ತೊಟ್ಟುಗಳು ನಡುವೆ ಒಂದರ ಮೇಲೊಂದು ಬರಬೇಕು. ಕೈಲಿರುವ ದಾರವನ್ನು ತೊಟ್ಟುಗಳ ಸುತ್ತ ಒಂದು ಸುತ್ತು ತಂದು, ಬೆರಳಿನಿಂದ ಕುಣಿಕೆ ಮಾಡಿ, ಅದರೊಳಗೆ ಹೂಗಳನ್ನು ತೂರಿಸಿ ಎಳೆಯಿರಿ. ಇದು ಓದಿ ಕಲಿಯುವಂಥದ್ದಲ್ಲ. ವಿಡಿಯೋ ಕರೆ ಮಾಡಿ ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ, ಅವರ ಕೈಬೆರಳನ್ನೇ ನೋಡಿ. ಎರಡು ಸುತ್ತಿಗೊಮ್ಮೆ ಹೂವಿನ ಜಾಗದಲ್ಲಿ ಮಾರ್ಜೋರಮ್ ಇಲ್ಲವೇ ಥೈಮ್ ಕುಡಿ ಇಡುವುದನ್ನು ಮರೆಯಬೇಡಿ. ಕಟ್ಟಿದ ಮಾಲೆಯನ್ನು ತಟ್ಟೆಯ ಎಡಕ್ಕೆ, ಬಾಳೆಎಲೆಯ ತುದಿ ಬರುವ ಕಡೆ, ತಟ್ಟೆಗೆ ತಾಗದಂತೆ ಇಡಿ. ಅಂಗಡಿಯ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಅದು ಅನ್ನಕ್ಕೆ ತಾಗಬಾರದು.

ಪುದೀನ, ಕೊತ್ತಂಬರಿ, ಬೇಸಿಲ್‌ಗಳನ್ನು ಮಾಲೆಗೆ ಬಳಸಲು ಹೋಗಬೇಡಿ, ಗಂಟೆಯೊಳಗೆ ಜೋತು ಬೀಳುತ್ತವೆ. ಅವಕ್ಕೆ ಕಾಫಿ ಲೋಟ ಒಳ್ಳೆಯದು. ನಿಮ್ಮ ಮನೆಯ ಸ್ಟೀಲ್ ಲೋಟಗಳನ್ನೇ ತೊಳೆದು ಫಳಫಳ ಮಾಡಿ, ಅರ್ಧ ನೀರು ಹಾಕಿ, ನೀರೊಳಗೆ ಬರುವ ಎಲೆಗಳನ್ನು ಕಿತ್ತು, ನಾಲ್ಕೈದು ಕಡ್ಡಿ ನಿಲ್ಲಿಸಿ. ಇಬ್ಬರಿಗೊಂದು ಲೋಟ ಸಾಕು. ಬೇಸಿಲ್ಲನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಚಳಿಗೆ ಎಲೆ ಕಪ್ಪಾಗುತ್ತದೆ. ಅಂದಹಾಗೆ ಬೇಸಿಲ್ ಎಂದರೆ ತುಳಸಿ ಎಂದು ಇಲ್ಲಿ ಹಲವರು ತಿಳಿದಿದ್ದಾರೆ. ತುಳಸಿ ಅದರ ಸೋದರಿ. ಬೇಸಿಲ್ ನಮ್ಮ ಕಾಮಕಸ್ತೂರಿ.

ಪಲಾವ್ ಎಲೆಯಲ್ಲೂ ಇಂಥದೇ ಗೊಂದಲ. ಇಂಡಿಯನ್ ಸ್ಟೋರಿನ ಪಲಾವ್ ಎಲೆಯನ್ನೂ ಅಮೆರಿಕದ ಅಂಗಡಿಯ ಬೇ ಲೀಫನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮದರಲ್ಲಿ ಉದ್ದಕ್ಕೆ ಮೂರು ನರ, ಅದು ದಾಲ್ಚಿನ್ನಿಯ ಬಳಗ. ಅವರದರಲ್ಲಿ ನಡುವೆ ಒಂದೇ ನರ. ಹಿಂದೆ ರೋಮನ್ನರು ಗೆದ್ದ ಸೇನಾಪತಿಯ ತಲೆಗೆ ತೊಡಿಸುತ್ತಿದ್ದ ಕಿರೀಟ ಆ ಎಲೆಯದ್ದು. ಎರಡರ ಮೇಲೂ ಬಿಳಿ ಪೆನ್ನಿನಲ್ಲಿ ಹೆಸರು ಬರೆಯಬಹುದು.

ಎರಡು ಎಚ್ಚರಿಕೆ ಹೇಳಲೇಬೇಕು, ದೊಡ್ಡವರೂ ಇದನ್ನು ಓದಲಿ. ಹಾಲಿ ಎಂಬ ಗಿಡದ ಕೆಂಪು ಹಣ್ಣು ಕ್ರಿಸ್‌ಮಸ್ ಕಾರ್ಡಿನಲ್ಲಿ ಸೊಗಸು, ಹೊಟ್ಟೆಗೆ ವಿಷ. ನಮ್ಮಲ್ಲಿ ಶಿವನ ಪೂಜೆಗೆ ಇಡುವ ಕಣಗಿಲೆಯೂ ಅಷ್ಟೇ. ಹೂ, ಎಲೆ, ಕಡ್ಡಿ ಎಲ್ಲವೂ ವಿಷ. ಕ್ಯಾಲಿಫೋರ್ನಿಯಾದಲ್ಲಿ ಹೆದ್ದಾರಿಯ ನಡುವೆ ಕಣಗಿಲೆ ಸಾಲುಸಾಲಾಗಿ ಅರಳಿರುತ್ತದೆಂದು ಕಿತ್ತು ತಂದು ಊಟದ ಮೇಜಿಗೆ ಇಡಬಾರದು. ಇನ್ನೊಂದು, ಮೇಣದ ಬತ್ತಿಯ ಸುತ್ತ ರೋಸ್‌ಮರಿ ಕಟ್ಟಿದ ಚಿತ್ರಗಳು ಎಲ್ಲೆಡೆ ಕಾಣುತ್ತವೆ. ಅದರ ಎಲೆಯಲ್ಲಿ ಎಣ್ಣೆಯಿದೆ, ಒಣಗಿದರೆ ಬೇಗ ಹೊತ್ತಿಕೊಳ್ಳುತ್ತದೆ. ದೀಪ ಬೇಕೆಂದರೆ ಎತ್ತರದ ಗಾಜಿನ ಲೋಟದೊಳಗೆ ಇಟ್ಟು, ಸೊಪ್ಪನ್ನು ದೂರ ಇರಿಸಿ, ಹಚ್ಚುವ ಕೆಲಸ ಅಪ್ಪನಿಗೆ ಬಿಡಿ.

ದೇವರಿಗೆ ಏರಿಸುವ ಹೂವನ್ನು ಮೊದಲೇ ಮೂಸಬಾರದು ಎಂದು ಮನೆಯಲ್ಲಿ ಗದರಿಸಿರುತ್ತಾರಲ್ಲವೇ? ಮೇಜಿನ ಮೇಲಿನ ಎಲೆಗೆ ಆ ಕಟ್ಟಳೆ ಇಲ್ಲ. ಬಂದವರಿಗೆ ಹೇಳಿ: ಊಟಕ್ಕೆ ಮುಂಚೆ ಕೈ ತೊಳೆದ ಮೇಲೆ ಒಂದು ಎಲೆ ತಿಕ್ಕಿ ಮೂಸಿ ನೋಡಿ. ಮುಟ್ಟದಿದ್ದರೆ ಈ ಸೊಪ್ಪುಗಳು ಪರಿಮಳವನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ವಾಸನೆಯ ಎಣ್ಣೆ ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿರುತ್ತದೆ, ತಿಕ್ಕಿದಾಗ ಅವು ಒಡೆಯುತ್ತವೆ.

ಊಟ ಮುಗಿದ ಮೇಲೆ ಲೋಟಗಳನ್ನು ಹಾಗೇ ಬರಿದು ಮಾಡಬೇಡಿ. ಪುದೀನ, ಬೇಸಿಲ್ ಕಡ್ಡಿಗಳನ್ನು ಬೆಳಕು ಬೀಳುವ ಕಿಟಕಿಯ ಬಳಿ ಇಟ್ಟು ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಒಂದೆರಡು ವಾರದಲ್ಲಿ ಬಿಳಿ ಬೇರು ಬಿಡುತ್ತವೆ. ಕುಂಡಕ್ಕೆ ನೆಡಿ. ಬೇಸಿಲ್ ಬೆಳೆದು ತೆನೆ ಬಿಟ್ಟು ಒಣಗಿದಾಗ ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಚಿಕ್ಕ ಕಪ್ಪು ಬೀಜ ಉದುರುತ್ತದೆ. ಒಂದು ಚಮಚ ಬೀಜವನ್ನು ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ, ಪ್ರತಿ ಬೀಜಕ್ಕೂ ಲೋಳೆಯ ಅಂಗಿ ಬರುತ್ತದೆ. ಬೇಸಿಗೆಯಲ್ಲಿ ನಿಂಬೆಹಣ್ಣಿನ ಪಾನಕಕ್ಕೆ ಅದನ್ನು ಬೆರೆಸಿ ಕುಡಿಯಿರಿ, ಬೆಲ್ಲ ಕಡಿಮೆ ಹಾಕಿ.