ಕೋಣೆಗೆ ಬೇಕಾದಷ್ಟೇ ಬಿಸಿ: ಥರ್ಮೋಸ್ಟಾಟ್ ಮೇಷ್ಟ್ರು ವಾರನ್ ಜಾನ್ಸನ್

ಬ್ಯಾಂಕಿನ ಎಸಿಯನ್ನು 24 ಡಿಗ್ರಿಗೆ ಇಟ್ಟರೆ, ಕೋಣೆ ಅಷ್ಟು ತಂಪಾದ ಮೇಲೆ ಕಂಪ್ರೆಸರ್ ತಾನಾಗಿಯೇ ನಿಲ್ಲುತ್ತೆ, ಇಲ್ಲವೇ ನಿಧಾನ ಆಗುತ್ತೆ. ಸೆಕೆ ಏರಿದರೆ ಮತ್ತೆ ಶುರು. ಅಂಗಡಿಯ ಫ್ರಿಜ್ಜಿನದ್ದೂ ಇದೇ ಲೆಕ್ಕ. ಯಾರೂ ಕಾಯುತ್ತಾ ಕೂರಬೇಕಿಲ್ಲ, ಕರೆಂಟೂ ದಂಡ ಆಗಲ್ಲ. ಇದರ ಹಿಂದಿರುವುದು ಥರ್ಮೋಸ್ಟಾಟ್. ಕಟ್ಟಡದ ಕೋಣೆಗಳಿಗೆ ವಿದ್ಯುತ್ ಥರ್ಮೋಸ್ಟಾಟ್ ತಂದು ಹೆಸರಾದವರು ಅಮೆರಿಕದ ಒಬ್ಬ ಮೇಷ್ಟ್ರು, ವಾರನ್ ಜಾನ್ಸನ್.

ಜಾನ್ಸನ್ ಹುಟ್ಟಿದ್ದು 1847ರಲ್ಲಿ, ವರ್ಮಾಂಟ್ ರಾಜ್ಯದಲ್ಲಿ. ಚಿಕ್ಕವರಿದ್ದಾಗಲೇ ಮನೆಯವರು ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದರು. ಹೆಚ್ಚಿನದನ್ನೆಲ್ಲ ತಾವೇ ಓದಿ ಕಲಿತವರು. ಮುದ್ರಣದ ಕೆಲಸ, ಭೂಮಿ ಅಳೆಯುವ ಸರ್ವೇ ಕೆಲಸ, ಶಾಲಾ ಶಿಕ್ಷಕ ಹುದ್ದೆ, ಎಲ್ಲವನ್ನೂ ಮಾಡಿದರು. 1876ರಲ್ಲಿ ವೈಟ್‌ವಾಟರ್ ಊರಿನ ಶಿಕ್ಷಕರ ತರಬೇತಿ ಕಾಲೇಜಿಗೆ ಪ್ರಾಧ್ಯಾಪಕರಾದರು.

ಅದು ಕೊರೆಯುವ ಚಳಿಯ ಸೀಮೆ. ಕಾಲೇಜನ್ನು ಬೆಚ್ಚಗಿಡುವ ವ್ಯವಸ್ಥೆ ನೆಲಮಾಳಿಗೆಯಲ್ಲಿತ್ತು. ಆದರೆ ಯಾವ ಕೋಣೆ ಎಷ್ಟು ಬಿಸಿಯಾಗಿದೆ ಅನ್ನೋದು ಕೆಳಗಿದ್ದ ಕೆಲಸಗಾರನಿಗೆ ಗೊತ್ತಾಗುವುದು ಹೇಗೆ? ಆತ ಪಾಠದ ನಡುವೆಯೇ ಒಂದೊಂದು ಕೋಣೆಗೂ ಹೋಗಿ ನೋಡಿ, ಮತ್ತೆ ಕೆಳಗಿಳಿದು ಬಿಸಿಗಾಳಿಯ ಕಿಂಡಿಯನ್ನು ತೆರೆಯಬೇಕು, ಇಲ್ಲವೇ ಮುಚ್ಚಬೇಕು. ಪಾಠ ಕೆಡುತ್ತಿತ್ತು. ಅಷ್ಟಾದರೂ ಒಮ್ಮೆ ಚಳಿ, ಒಮ್ಮೆ ಸೆಕೆ. ಬೇಡದ ಬಿಸಿಗೆ ಉರಿದ ಇಂಧನ ದಂಡ.

ಜಾನ್ಸನ್ ಕಂಡುಕೊಂಡ ಉಪಾಯ ಸರಳ. ಬಿಸಿ ತಾಗಿದರೆ ಲೋಹ ಹಿಗ್ಗುತ್ತೆ, ಆದರೆ ಎಲ್ಲ ಲೋಹಗಳೂ ಒಂದೇ ಸಮ ಹಿಗ್ಗಲ್ಲ. ಎರಡು ಬೇರೆ ಲೋಹದ ಪಟ್ಟಿಗಳನ್ನು ಬೆಸೆದು ಸುರುಳಿ ಮಾಡಿದರೆ, ಬಿಸಿ ಏರಿಳಿದಂತೆ ಸುರುಳಿ ಬಾಗುತ್ತೆ. ಆ ಬಾಗುವಿಕೆಯಿಂದ ಪಾದರಸದ ಸ್ವಿಚ್ ನಡೆದು, ಕೆಳಗೆ ಬೆಂಕಿ ನೋಡಿಕೊಳ್ಳುವವನ ಬಳಿ ಗಂಟೆ ಬಾರಿಸುತ್ತಿತ್ತು. ಕೋಣೆಯೇ ತನಗೇನು ಬೇಕು ಅಂತ ಹೇಳುವ ಹಾಗಾಯ್ತು. 1883ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು.

ಮೇಷ್ಟ್ರ ಬಳಿ ಬಂಡವಾಳ ಎಲ್ಲಿಂದ ಬರಬೇಕು? ಮಿಲ್ವಾಕಿಯ ಸಿರಿವಂತ ಮನೆತನದ ವಿಲಿಯಂ ಪ್ಲಾಂಕಿಂಟನ್ ಹಣ ಹಾಕಿದರು. 1885ರಲ್ಲಿ ಕಂಪನಿ ಶುರುವಾಯ್ತು, ಜಾನ್ಸನ್ ಮೇಷ್ಟ್ರ ಕೆಲಸ ಬಿಟ್ಟರು. ಗಂಟೆ ಬಾರಿಸಿದರೂ ಕಿಂಡಿ ತಿರುಗಿಸಲು ಒಬ್ಬ ಆಳು ಬೇಕೇ ಬೇಕಿತ್ತು. ಅದಕ್ಕೂ ಅವರು ದಾರಿ ಹುಡುಕಿದರು. ಕೊಳವೆಯಲ್ಲಿ ಒತ್ತಿದ ಗಾಳಿ ಕಳಿಸಿ, ಪ್ರತಿ ಕೋಣೆಯ ಥರ್ಮೋಸ್ಟಾಟೇ ಕವಾಟವನ್ನು ತೆರೆದು ಮುಚ್ಚುವಂತೆ ಮಾಡಿದರು. ಹಲವು ಕೋಣೆಗಳ ಈ ವ್ಯವಸ್ಥೆಗೆ 1895ರಲ್ಲಿ ಪೇಟೆಂಟ್ ಬಂತು.

ಆದರೆ ಜಾನ್ಸನ್ ಒಂದೇ ಕೆಲಸಕ್ಕೆ ಅಂಟಿಕೊಳ್ಳುವ ಜೀವ ಅಲ್ಲ. ಗೋಪುರದ ಗಡಿಯಾರ, ತಂತಿಯಿಲ್ಲದ ಟೆಲಿಗ್ರಾಫ್, ಉಗಿ ಕಾರು, ಎಲ್ಲದಕ್ಕೂ ಕೈ ಹಾಕಿದರು. 1904ರ ಸೇಂಟ್ ಲೂಯಿಸ್ ವಿಶ್ವಮೇಳದ ದೈತ್ಯ ಹೂವಿನ ಗಡಿಯಾರವೂ ಅವರ ಕಂಪನಿಯದ್ದೇ. ಲಾಲ್‌ಬಾಗಿನ ಹೂವಿನ ಗಡಿಯಾರ ನೋಡಿದವರಿಗೆ ಅದರ ಅಂದಾಜು ಸಿಗಬಹುದು. ಒಟ್ಟು 50ಕ್ಕೂ ಹೆಚ್ಚು ಪೇಟೆಂಟ್ ಅವರ ಹೆಸರಲ್ಲಿವೆ.

1911ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಆಮೇಲೆ ಬಂದವರು ಮಿಕ್ಕ ವ್ಯವಹಾರಗಳನ್ನು ಕೈಬಿಟ್ಟು, ಕಟ್ಟಡಗಳ ಬಿಸಿ-ತಂಪು ಹತೋಟಿಯನ್ನೇ ಹಿಡಿದರು. ಮೇಷ್ಟ್ರ ಮೊದಲ ಯೋಚನೆಯೇ ಕಂಪನಿಯನ್ನು ಉಳಿಸಿತು. 1974ರಲ್ಲಿ ಅದರ ಹೆಸರು ಜಾನ್ಸನ್ ಕಂಟ್ರೋಲ್ಸ್ ಆಯ್ತು.

ಇವತ್ತಿನ ಸ್ಮಾರ್ಟ್ ಕಚೇರಿಗಳಲ್ಲಿ ಸೆನ್ಸರ್ ಕೋಣೆಯಲ್ಲಿ ಜನ ಇದ್ದಾರಾ ಅಂತ ನೋಡುತ್ತೆ, ಕಂಪ್ಯೂಟರ್ ಎಸಿ ತಗ್ಗಿಸುತ್ತೆ. ಉಪಕರಣ ಹೊಸದು, ತತ್ವ ಹಳೆಯದೇ: ಮೊದಲು ಕೋಣೆಯನ್ನು ಅಳೆ, ಆಮೇಲೆ ಬೇಕಾದಷ್ಟೇ ಕೊಡು. ನಮ್ಮ ದೇಶದಲ್ಲೂ 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎಸಿಗಳು 24 ಡಿಗ್ರಿಗೇ ಹೊಂದಿಸಿ ಬರಬೇಕೆಂಬ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತೆ ಅನ್ನೋದು ಇಂಧನ ದಕ್ಷತಾ ಬ್ಯೂರೋ ಲೆಕ್ಕ. ಅಂಗಡಿಗೆ ಬಂದ ಗಿರಾಕಿಗೂ ಹಿತ, ತಿಂಗಳ ಕೊನೆಯ ಬಿಲ್ಲಿಗೂ ಹಿತ.