ಶ್ರೀಮಾನ್ ಎಂ. ಚಿನ್ನಸ್ವಾಮಿಯವರು

1900ನೆಯ ಇಸವಿಯಲ್ಲಿ ಜನಿಸಿದ ಮಂಡ್ಯದ ಶ್ರೀಮಾನ್ ಚಿನ್ನಸ್ವಾಮಿಯವರು ವೃತ್ತಿಯಿಂದ ವಕೀಲರು. 1933ರಲ್ಲಿ ಸ್ಥಾಪಿತವಾದ ಮೈಸೂರು ಸಂಸ್ಥಾನದ ಕ್ರಿಕೆಟ್ ಸಂಘಕ್ಕೆ ಬಹುಕಾಲ ಸ್ವಂತ ಮೈದಾನವಿರಲಿಲ್ಲ. ಪಂದ್ಯಗಳು ಸೆಂಟ್ರಲ್ ಕಾಲೇಜಿನ ಬಯಲಿನಲ್ಲಿ ನಡೆಯುತ್ತಿದ್ದುವು. 1953ರಿಂದ ಕಾಲು ಶತಮಾನ ಸಂಘದ ಕಾರ್ಯದರ್ಶಿಗಳಾಗಿದ್ದ ಇವರು ಈ ಕೊರತೆಯನ್ನು ನೀಗಿಸಲು ಪಟ್ಟುಹಿಡಿದು ದುಡಿದರು. ಕಬ್ಬನ್ ಉದ್ಯಾನದ ಸಮೀಪದಲ್ಲಿ ಕ್ರೀಡಾಂಗಣವು ಎದ್ದಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸಿನವರೊಡನೆ ಅಲ್ಲಿ ಮೊದಲನೆಯ ಟೆಸ್ಟ್ ಪಂದ್ಯವು ಜರುಗಿದಾಗ ಕಟ್ಟಡವಿನ್ನೂ ಪೂರ್ತಿಯಾಗಿರಲಿಲ್ಲ. 1977ರಿಂದ 1980ರ ವರೆಗೆ ಇವರು ಭಾರತದ ಕ್ರಿಕೆಟ್ ಮಂಡಲಿಯ ಅಧ್ಯಕ್ಷರೂ ಆಗಿದ್ದು, 1991ರಲ್ಲಿ ಕಾಲವಾದರು.

ಆಡಿ ಗೆದ್ದವರನ್ನು ಲೋಕವು ಕೊಂಡಾಡುತ್ತದೆ. ಆಡಲು ನೆಲವನ್ನೊದಗಿಸಿದವರನ್ನು ಬೇಗ ಮರೆಯುತ್ತದೆ. ಆ ಕ್ರೀಡಾಂಗಣವು ಇವರ ಹೆಸರನ್ನೇ ಧರಿಸಿರುವುದು ನ್ಯಾಯವೆಂದು ನಾವೆಣಿಸುತ್ತೇವೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಾಯಂದಿರು ಈ ಮಾತನ್ನು ಅವರಿಗೆ ತಿಳಿಸಲೆಂದು ನಾವು ಬಯಸುತ್ತೇವೆ.